ಮುದಿ ಪಾದ್ರಿಯ ಮನೆಬಾಗಿಲು

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಮೊದಲು ಹೇಳಿದವರು ಯಾರೋ ತಿಳಿಯದು. ಆದರೆ ಆ ಮಾತು ಕಿವಿಗೆ ಬಿದ್ದಾಗ ಒಳಗೊಳಗೇ ನೊಂದುಕೊಳ್ಳದ ಹಿರಿಯರು ಕನ್ನಡನಾಡಿನಲ್ಲಿ ಅಪರೂಪ. ಕೊರಳಿಗೆ ಹೂವಿನ ಹಾರ ಹಾಕಿಸಿಕೊಂಡು ಕಚೇರಿಯಿಂದ ಕೊನೆಯ ಸಲ ಹೊರಬಂದವನಿಗೆ ಮೊದಲ ಒಂದೆರಡು ವಾರ ಬಿಡುವು ಹಿತವಾಗಿಯೇ ತೋರುತ್ತದೆ. ಎರಡನೆಯ ತಿಂಗಳಲ್ಲಿ ವೃತ್ತಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಎರಡೆರಡು ಸಲ ಓದುವ ಅಭ್ಯಾಸವಾಗುತ್ತದೆ. ವರುಷ ತುಂಬುವುದರೊಳಗಾಗಿ, “ಇನ್ನು ನನ್ನಿಂದ ಯಾರಿಗೇನು ಪ್ರಯೋಜನ?” ಎಂಬ ಪ್ರಶ್ನೆ ಮನಸ್ಸಿನಲ್ಲಿ ಬೇರೂರುತ್ತದೆ. ಮಕ್ಕಳ ಮದುವೆಯಾಗಿ, ಅಡುಗೆಮನೆಯ ಯಜಮಾನಿಕೆ ಸೊಸೆಯ ಕೈ ಸೇರಿದ ಮೇಲೆ ಗೃಹಿಣಿಯ ಪಾಡೂ ಇದೇ. ಊಟ ಬಟ್ಟೆಗೆ ಕೊರತೆಯಿಲ್ಲದ ಮನೆಯಲ್ಲಿಯೂ, ಮಕ್ಕಳು ಗೌರವದಿಂದ ನೋಡಿಕೊಳ್ಳುವ ಮನೆಯಲ್ಲಿಯೂ ಈ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ.

ಇದರ ಜೊತೆಗೆ ಇನ್ನೊಂದು ನೋವೂ ಸೇರಿಕೊಳ್ಳುವುದುಂಟು. ಬಿಡುವು ಹೆಚ್ಚಿದಂತೆ ಹಳೆಯ ದಿನಗಳ ನೆನಪು ಹೆಚ್ಚುತ್ತದೆ. ಮಾಡಬಾರದೆ ಮಾಡಿದ್ದು, ಆಡಬಾರದೆ ಆಡಿದ್ದು, ಬಾಯಿ ಬಿಡಬೇಕಾದಲ್ಲಿ ಸುಮ್ಮನಿದ್ದದ್ದು, ಎಲ್ಲವೂ ರಾತ್ರಿ ನಿದ್ರೆ ಬಾರದ ಹೊತ್ತಿನಲ್ಲಿ ಎದ್ದು ಬರುತ್ತವೆ. ಸರಿಪಡಿಸಲು ಇನ್ನು ಕಾಲವೆಲ್ಲಿದೆ ಎಂದು ಜೀವ ಕುಗ್ಗುತ್ತದೆ.

ಈ ಎರಡು ನೋವುಗಳನ್ನೂ ಉಂಡು, ಎರಡಕ್ಕೂ ತನ್ನ ಬಾಳಿನ ಕೊನೆಯ ಇಪ್ಪತ್ತೆರಡು ವರುಷಗಳಲ್ಲಿ ಉತ್ತರವಿತ್ತವನು ಇಂಗ್ಲೆಂಡಿನ ಜಾನ್ ನ್ಯೂಟನ್. ಗುರುತ್ವಾಕರ್ಷಣೆಯ ನ್ಯೂಟನ್ ಬೇರೆ, ಈತನೇ ಬೇರೆ. ಈತ ಒಬ್ಬ ಕ್ರೈಸ್ತ ಪಾದ್ರಿ. ‘ಅಮೇಜಿಂಗ್ ಗ್ರೇಸ್’ ಎಂಬ ಜಗತ್ಪ್ರಸಿದ್ಧ ಸ್ತೋತ್ರಗೀತೆಯ ಕರ್ತೃ. ಆ ಹಾಡನ್ನು ಬಲ್ಲವರು ಕೋಟ್ಯಂತರ ಮಂದಿ. ಹಾಡು ಕಟ್ಟಿದವನ ಮುಪ್ಪಿನ ಕಥೆಯನ್ನು ಬಲ್ಲವರು ಮಾತ್ರ ಕಡಮೆ.

ಕತ್ತಲಲ್ಲಿ ಬಂದ ತರುಣ

1785ನೆಯ ಇಸವಿ ಡಿಸೆಂಬರ್ ತಿಂಗಳು. ಲಂಡನ್ನಿನ ಹಾಕ್ಸ್ಟನ್ ಭಾಗದ ಚಾರ್ಲ್ಸ್ ಚೌಕದಲ್ಲಿ ಒಬ್ಬ ತರುಣನು ಒಂದು ಮನೆಯ ಬಾಗಿಲವರೆಗೆ ಬಂದು, ಒಳಗೆ ಹೋಗಲು ಧೈರ್ಯ ಸಾಲದೆ, ಚೌಕವನ್ನು ಒಂದೆರಡು ಸುತ್ತು ಸುತ್ತಿದನು. ಆತನ ಹೆಸರು ವಿಲಿಯಂ ವಿಲ್ಬರ್‌ಫೋರ್ಸ್, ವಯಸ್ಸು ಇಪ್ಪತ್ತಾರು. ಪಾರ್ಲಿಮೆಂಟಿನಲ್ಲಿ ಯಾರ್ಕ್‌ಷೈರ್ ಪ್ರಾಂತದ ಪ್ರತಿನಿಧಿ. ಪ್ರಧಾನಮಂತ್ರಿ ವಿಲಿಯಂ ಪಿಟ್ಟನ ಆಪ್ತಮಿತ್ರ. ಮಾತಿನಲ್ಲಿಯೂ ಹಾಡಿನಲ್ಲಿಯೂ ಸಭೆಯನ್ನು ಗೆಲ್ಲಬಲ್ಲವನು. ಹಣಕ್ಕೆ ಕೊರತೆಯಿಲ್ಲ, ಕೀರ್ತಿಗೆ ಕೊರತೆಯಿಲ್ಲ. ಆದರೆ ಕೆಲವು ತಿಂಗಳಿಂದ ಆತನಿಗೆ ತನ್ನ ಬಾಳು ಪೊಳ್ಳೆಂದು ತೋರತೊಡಗಿತ್ತು. ದೇವರನ್ನು ಮರೆತು ಬದುಕಿದೆನೆಂಬ ಕೊರಗು ಹಿಡಿದಿತ್ತು. ರಾಜಕೀಯವನ್ನೂ ಗೆಳೆಯರನ್ನೂ ಬಿಟ್ಟು ದೂರ ಸರಿದುಬಿಡಬೇಕೆಂಬ ಯೋಚನೆ ಬಲಿಯುತ್ತಿತ್ತು. ಭಕ್ತಿಯ ಮಾತನ್ನು ಗಟ್ಟಿಯಾಗಿ ಆಡುವವರನ್ನು ದೊಡ್ಡ ಮನೆತನದವರು ಹುಚ್ಚರೆಂದು ನಗುತ್ತಿದ್ದ ಕಾಲ ಅದು. ಆದುದರಿಂದಲೇ ಈ ಭೇಟಿ ಗುಟ್ಟಾಗಿರಬೇಕೆಂದು ಆತನು ಮೊದಲೇ ಪತ್ರ ಬರೆದು ಕೇಳಿಕೊಂಡಿದ್ದನು.

ಆ ಮನೆಯಲ್ಲಿದ್ದ ನ್ಯೂಟನ್ನನಿಗೆ ಆಗ ಅರವತ್ತು ವರುಷ. ಲಂಡನ್ನಿನ ಸಂತ ಮೇರಿ ವುಲ್ನಾತ್ ಇಗರ್ಜಿಯ ಸಭಾಪಾಲಕನಾಗಿ ಆರನೆಯ ವರುಷ ಕಳೆಯುತ್ತಿತ್ತು. ಸ್ವಂತ ಮಕ್ಕಳಿಲ್ಲದ ಆ ದಂಪತಿಗಳು ಇಬ್ಬರು ಅನಾಥ ಹುಡುಗಿಯರನ್ನು ಸಾಕಿಕೊಂಡಿದ್ದರು. ಅವರಲ್ಲಿ ಕಿರಿಯಳಾದ ಎಲೈಜಳು ಅದೇ ಅಕ್ಟೋಬರಿನಲ್ಲಿ, ಹದಿನೈದು ತುಂಬುವ ಮೊದಲೇ ತೀರಿಕೊಂಡಿದ್ದಳು. ಇನ್ನೊಬ್ಬರಿಗೆ ಸಮಾಧಾನ ಹೇಳುವ ಸ್ಥಿತಿಯಲ್ಲಿ ಆ ಮುದುಕನು ಇರಲಿಲ್ಲವೆಂದೇ ಯಾರೂ ಎಣಿಸಬಹುದಾಗಿತ್ತು.

ಆದರೂ ಆತನು ಬಾಗಿಲು ತೆರೆದನು. ಬಂದ ತರುಣನನ್ನು ಆತನು ಬಾಲಕನಾಗಿದ್ದಾಗಲೇ ಬಲ್ಲನು. ಎಂದಾದರೂ ಒಂದು ದಿನ ದೇವರು ಈ ಹುಡುಗನನ್ನು ಕರೆತರುವನೆಂಬ ಭರವಸೆಯನ್ನು ತಾನು ಬಿಟ್ಟಿರಲಿಲ್ಲವೆಂದು ಹೇಳಿದನು. ಅನಂತರ ಆತನಿತ್ತ ಬುದ್ಧಿವಾದ ತರುಣನಿಗೆ ಆಶ್ಚರ್ಯವನ್ನುಂಟುಮಾಡಿರಬೇಕು. ಗೆಳೆಯರನ್ನು ತೊರೆಯಬೇಡ, ಇರುವ ಸ್ಥಾನವನ್ನು ಬಿಡಬೇಡ, ದೇವರು ಅಲ್ಲಿಟ್ಟಿರುವುದಕ್ಕೆ ಕಾರಣವಿದ್ದೀತು ಎಂಬುದು ಆ ಮಾತಿನ ಸಾರ. ವಿಲ್ಬರ್‌ಫೋರ್ಸನು ಹಗುರವಾದ ಮನಸ್ಸಿನಿಂದ ಹಿಂದಿರುಗಿದನು. ಎರಡು ವರುಷ ತುಂಬುವುದರೊಳಗೆ, ಗುಲಾಮರ ವ್ಯಾಪಾರವನ್ನು ಕಾನೂನಿನಿಂದ ನಿಲ್ಲಿಸುವುದೇ ತನ್ನ ಬಾಳಿನ ಕೆಲಸವೆಂದು ನಿಶ್ಚಯಿಸಿದನು.

ಕ್ರೈಸ್ತರ ಸತ್ಯವೇದದಲ್ಲಿ ಬಾರ್ನಬನೆಂಬ ಒಬ್ಬ ಶಿಷ್ಯನ ಕಥೆಯಿದೆ. ಆ ಹೆಸರಿನ ಅರ್ಥವೇ ಧೈರ್ಯ ತುಂಬುವವನೆಂದು. ಪೌಲನು ಕ್ರೈಸ್ತರನ್ನು ಹಿಂಸಿಸುವುದನ್ನು ಬಿಟ್ಟು ತಾನೇ ಕ್ರೈಸ್ತನಾದಾಗ ಯಾರೂ ಅವನನ್ನು ನಂಬಲಿಲ್ಲ. ಎಲ್ಲರೂ ಹೆದರಿ ದೂರ ನಿಂತರು. ಬಾರ್ನಬನೊಬ್ಬನೇ ಕೈಹಿಡಿದು ಕರೆದುಕೊಂಡು ಹೋಗಿ ಶಿಷ್ಯರ ನಡುವೆ ಕೂರಿಸಿದನು. ಪೌಲನ ಹೆಸರು ಮುಂದೆ ಲೋಕವಿಖ್ಯಾತವಾಯಿತು. ಬಾರ್ನಬನ ಪಾಲಿನ ಕೆಲಸ ಕೈಹಿಡಿದು ಕರೆತಂದದ್ದು. ನ್ಯೂಟನ್ನನ ಮುಪ್ಪಿಗೆ ಒದಗಿದ ಕೆಲಸವೂ ಇದೇ ಜಾತಿಯದು.

ಹಡಗಿನ ಕಪ್ತಾನ

ಆದರೆ ಧೈರ್ಯ ಹೇಳಿದ ಈ ಮುದುಕನ ಹಿಂದಿನ ಬಾಳು ಎಂಥದು? ಅದನ್ನು ಮುಚ್ಚಿಟ್ಟರೆ ಕಥೆ ಅರ್ಧವಾಗುತ್ತದೆ.

ನ್ಯೂಟನ್ನನು ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ಹಡಗುಕಟ್ಟೆಗಳ ಸಮೀಪ. ತಂದೆ ಹಡಗಿನ ಕಪ್ತಾನ. ಮಡಿಲಲ್ಲಿ ಕೂರಿಸಿಕೊಂಡು ಸ್ತೋತ್ರಗಳನ್ನು ಕಲಿಸಿದ ತಾಯಿ, ಮಗನಿಗೆ ಏಳು ತುಂಬುವ ಮೊದಲೇ ಕ್ಷಯದಿಂದ ತೀರಿಕೊಂಡಳು. ಹನ್ನೊಂದರಲ್ಲಿ ತಂದೆಯೊಡನೆ ಸಮುದ್ರ ಸೇರಿದ ಹುಡುಗ, ಹದಿನೆಂಟರಲ್ಲಿ ಬಲವಂತವಾಗಿ ಯುದ್ಧನೌಕೆಗೆ ಎಳೆಯಲ್ಪಟ್ಟು, ಅನಂತರ ಓಡಿಹೋಗಿ, ಸಿಕ್ಕಿಬಿದ್ದು, ಚಾವಟಿಯ ಏಟು ತಿಂದನು. ಬಾಯಿ ತೆರೆದರೆ ದೈವನಿಂದೆ. ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ, ಹೊಟ್ಟೆಗಿಲ್ಲದೆ, ಗುಲಾಮರಿಗೂ ಕಡೆಯಾಗಿ ಬಾಳಿದನು. 1748ರ ಮಾರ್ಚಿಯಲ್ಲಿ ಊರಿಗೆ ಮರಳುವಾಗ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಭಯಂಕರ ಬಿರುಗಾಳಿಯೆದ್ದು ಹಡಗು ಒಡೆಯಿತು. ನೀರು ತೋಡಿ ತೋಡಿ ಕೈಸೋತ ಆ ರಾತ್ರಿ, ಆತನ ಬಾಯಿಂದ ದೇವರ ಹೆಸರು ಪ್ರಾರ್ಥನೆಯಾಗಿ ಹೊರಟಿತು. ತಾಯಿ ಬಿತ್ತಿದ ಬೀಜ ಹದಿನಾರು ವರುಷದ ಮೇಲೆ ಮೊಳೆತಂತಾಯಿತು. ಆ ದಿನವನ್ನು ಆತನು ಜೀವಮಾನವೆಲ್ಲ ನೆನೆಯುತ್ತಿದ್ದನು.

ಭಕ್ತರ ಕಥೆಗಳಲ್ಲಿ ಇಷ್ಟಾದ ಮೇಲೆ ಎಲ್ಲವೂ ಶುಭವಾಗುವುದು ವಾಡಿಕೆ. ನ್ಯೂಟನ್ನನ ಕಥೆ ಹಾಗಾಗಲಿಲ್ಲ. ದೇವರನ್ನು ನಂಬಿದ ಬಳಿಕವೇ ಆತನು ಗುಲಾಮರ ಹಡಗುಗಳ ಕಪ್ತಾನನಾದದ್ದು. 1750ರಿಂದ 1754ರವರೆಗೆ ಮೂರು ಸಲ ಆಫ್ರಿಕಕ್ಕೆ ಹೋಗಿ ಮನುಷ್ಯರನ್ನು ಕೊಂಡು, ಸರಪಣಿ ತೊಡಿಸಿ, ಸಾಗರದಾಚೆ ಸಾಗಿಸಿ ಮಾರಿದನು. ಭಾನುವಾರ ಹಡಗಿನ ಮೇಲಂತಸ್ತಿನಲ್ಲಿ ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದನು. ಕೆಳಗಿನ ಕತ್ತಲಲ್ಲಿ ಸರಪಣಿಯ ಸದ್ದು ಕೇಳುತ್ತಿತ್ತು. ಎರಡನ್ನೂ ಒಟ್ಟಿಗೆ ನೋಡುವ ಕಣ್ಣು ಆತನಿಗಿನ್ನೂ ತೆರೆದಿರಲಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಬಹುಮಂದಿಗೆ ತೆರೆದಿರಲಿಲ್ಲ. 1754ರಲ್ಲಿ ಕಡಲು ಬಿಟ್ಟದ್ದಕ್ಕೂ ಕಾರಣ ದೇಹದ ಕಾಯಿಲೆಯೇ ಹೊರತು ಮನಸ್ಸಾಕ್ಷಿಯ ಚುಚ್ಚುವಿಕೆಯಲ್ಲ.

ಅನಂತರ ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಇಲಾಖೆಯ ನೌಕರಿ. ಬಿಡುವಿನಲ್ಲಿ ಗ್ರೀಕ್, ಹೀಬ್ರೂ ಭಾಷೆಗಳ ಅಭ್ಯಾಸ. 1764ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಓಲ್ನಿ ಎಂಬ ಸಣ್ಣ ಊರಿನ ಪಾದ್ರಿಯಾದನು. ಮನೆಯಲ್ಲಿ ಕುಳಿತು ಲೇಸು ಹೆಣೆಯುವ ಬಡವರ ಊರು ಅದು. ಅವರ ಕೂಟಗಳಲ್ಲಿ ಹಾಡಲೆಂದು ಆತನು ಬರೆದ ಹಾಡುಗಳಲ್ಲಿ ‘ಅಮೇಜಿಂಗ್ ಗ್ರೇಸ್’ ಒಂದು. 1773ರ ಹೊಸ ವರುಷದ ದಿನದ ಆರಾಧನೆಗೆಂದು ಅದನ್ನು ಕಟ್ಟಿದನು. ಆತನೂ ಕವಿ ವಿಲಿಯಂ ಕೂಪರನೂ ಸೇರಿ ಬರೆದ 348 ಗೀತೆಗಳ ಸಂಗ್ರಹ 1779ರಲ್ಲಿ ಅಚ್ಚಾಯಿತು.

ಈ ಕೂಪರನ ವಿಷಯ ಹೇಳದಿದ್ದರೆ ಅನ್ಯಾಯವಾದೀತು. ಆಗಾಗ ಚಿತ್ತಚಾಂಚಲ್ಯಕ್ಕೊಳಗಾಗುತ್ತಿದ್ದ ಆ ಕವಿಗೆ, ದೇವರು ತನ್ನನ್ನು ಕೈಬಿಟ್ಟನೆಂಬ ಭ್ರಮೆ ಹಿಡಿದಿತ್ತು. ನ್ಯೂಟನ್ನನು ಆತನನ್ನು ತಿಂಗಳುಗಟ್ಟಲೆ ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡನು. ಲಂಡನ್ನಿಗೆ ಹೋದ ಮೇಲೆ ಪತ್ರ ಬರೆದು ಧೈರ್ಯ ಹೇಳಿದನು. ಫಲ ಕಾಣಲಿಲ್ಲ. 1800ರಲ್ಲಿ ಕೂಪರನು ತೀರಿಕೊಂಡಾಗಲೂ ಆ ನಿರಾಶೆ ಅವನನ್ನು ಬಿಟ್ಟಿರಲಿಲ್ಲ. ಧೈರ್ಯದ ಮಾತು ಎಲ್ಲ ಕಾಯಿಲೆಗೂ ಮದ್ದಾಗುವುದಿಲ್ಲ. ವಾಸಿಮಾಡಲಾಗದ ಕಡೆಯಲ್ಲಿಯೂ ಜೊತೆಗಿರುವುದು ಸಾಧ್ಯ. ಆ ಸ್ನೇಹವನ್ನು ನ್ಯೂಟನ್ನನು ಮೂವತ್ತು ವರುಷಕ್ಕೂ ಮೀರಿ ನಡೆಸಿದನು.

ತಡವಾಗಿ ತೆರೆದ ಬಾಯಿ

ಹೀಗೆ ತರುಣನಿಗೆ ಧೈರ್ಯ ಹೇಳಿದವನ ಮೇಲೆ ಆ ಧೈರ್ಯವೇ ಸಾಲದಂತೆ ಮರಳಿ ಬಂದು ಕುಳಿತಿತು. ವಿಲ್ಬರ್‌ಫೋರ್ಸನು ಗುಲಾಮರ ವ್ಯಾಪಾರದ ವಿರುದ್ಧ ಎದ್ದು ನಿಂತಾಗ, ಆ ವ್ಯಾಪಾರವನ್ನು ಕಣ್ಣಾರೆ ಕಂಡು ಕೈಯಾರೆ ಮಾಡಿದ ಮನುಷ್ಯನೊಬ್ಬನ ಸಾಕ್ಷ್ಯ ಬೇಕಾಗಿತ್ತು. ನ್ಯೂಟನ್ನನು ಸುಮ್ಮನಿರಬಹುದಾಗಿತ್ತು. ಮೂವತ್ತನಾಲ್ಕು ವರುಷದ ಹಿಂದಿನ ಮಾತು. ಈಗ ಗೌರವಾನ್ವಿತ ಪಾದ್ರಿ. ಇಗರ್ಜಿಯಿರುವ ಬೀದಿಯೋ ವರ್ತಕರದು. ಹಳೆಯ ಕೆಸರನ್ನು ತಾನಾಗಿ ಮೈಗೆ ಬಳಿದುಕೊಳ್ಳುವವರು ಯಾರು?

1788ರ ಜನವರಿಯಲ್ಲಿ, ತನ್ನ ಅರವತ್ತೆರಡನೆಯ ವಯಸ್ಸಿನಲ್ಲಿ, ಆತನು ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಈ ತಪ್ಪೊಪ್ಪಿಗೆ ಬಹಳ ತಡವಾಗಿ ಬರುತ್ತಿದೆಯೆಂದು ಮೊದಲಲ್ಲೇ ಒಪ್ಪಿಕೊಂಡನು. ಈಗ ನೆನೆದರೆ ಎದೆ ನಡುಗುವ ಕೆಲಸದಲ್ಲಿ ಒಮ್ಮೆ ತಾನೇ ಕೈಯಾಡಿಸಿದ್ದೆನೆಂಬುದು ತನ್ನನ್ನು ಎಂದೆಂದಿಗೂ ತಲೆತಗ್ಗಿಸುವಂತೆ ಮಾಡುವುದೆಂದು ಬರೆದನು. ಕಪಾಟಿನಲ್ಲಿ ಪುಸ್ತಕಗಳನ್ನು ಒತ್ತಿ ಜೋಡಿಸಿದಂತೆ ಮನುಷ್ಯರನ್ನು ಹಡಗಿನಲ್ಲಿ ಮಲಗಿಸುತ್ತಿದ್ದುದು, ಇಬ್ಬಿಬ್ಬರ ಕೈಕಾಲುಗಳನ್ನು ಜೋಡಿಸಿ ಸರಪಣಿ ಬಿಗಿಯುತ್ತಿದ್ದುದು, ಬೆಳಗಾದಾಗ ಬದುಕಿರುವವನ ಜೊತೆಗೆ ಸತ್ತವನೂ ಬಿಗಿದುಕೊಂಡಿರುತ್ತಿದ್ದುದು, ಹೆಂಗಸರ ಮೇಲಿನ ಅತ್ಯಾಚಾರ, ಯಾವುದನ್ನೂ ಮುಚ್ಚಲಿಲ್ಲ. ಆ ಹೊತ್ತಗೆಯನ್ನು ಪಾರ್ಲಿಮೆಂಟಿನ ಸದಸ್ಯರಿಗೆ ಹಂಚಲಾಯಿತು. ಪ್ರಿವಿ ಕೌನ್ಸಿಲಿನ ಮುಂದೆಯೂ, ಅನಂತರ ಕಾಮನ್ಸ್ ಸಭೆಯ ಸಮಿತಿಯ ಮುಂದೆಯೂ ಆತನು ನಿಂತು ಸಾಕ್ಷಿ ನುಡಿದನು. ಅಟ್ಲಾಂಟಿಕ್ ಸಾಗರದ ಮೇಲೆ ಮೂರೂವರೆ ಶತಮಾನಗಳ ಕಾಲ ಹೀಗೆ ಸಾಗಿಸಲ್ಪಟ್ಟ ಆಫ್ರಿಕದ ಜನರ ಸಂಖ್ಯೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚೆಂದು ಇಂದಿನ ಇತಿಹಾಸಕಾರರ ಲೆಕ್ಕ. ಆ ಲೆಕ್ಕದಲ್ಲಿ ತನ್ನ ಪಾಲೂ ಉಂಟೆಂದು ಸಭೆಯ ಮುಂದೆ ಒಪ್ಪಿಕೊಂಡ ಕಪ್ತಾನರು ವಿರಳ.

ಕ್ಷಮೆಯಲ್ಲಿ ನಂಬಿಕೆಯಿಲ್ಲದವನು ಪಾಪವನ್ನು ಬಚ್ಚಿಡುತ್ತಾನೆ. ದೇವರು ಕ್ಷಮಿಸಿದನೆಂದು ನಿಜವಾಗಿ ನಂಬಿದವನು ಅದನ್ನು ಹೊರಗೆ ಹೇಳಲು ಹೆದರುವುದಿಲ್ಲ. ದೇವಕೃಪೆಯನ್ನು ಕುರಿತು ನಲವತ್ತೇಳರಲ್ಲಿ ಹಾಡಿದ ಹಾಡಿಗೆ ನ್ಯೂಟನ್ನನು ಅರವತ್ತೆರಡರಲ್ಲಿ ಬೆಲೆ ತೆತ್ತನು. ಆ ಹೊತ್ತಗೆಯಿಂದ ಸತ್ತವರು ಮರಳಿ ಬರಲಿಲ್ಲ. ಮುಂದೆ ಸಾಯಬಹುದಾದವರ ಪರವಾಗಿ ಅದು ಮಾತನಾಡಿತು.

ಸೋಲಿನ ಕಾಲದ ಪತ್ರಗಳು

ಕೆಲಸ ಕೂಡಲೇ ಕೈಗೂಡಲಿಲ್ಲ. 1790ರ ಡಿಸೆಂಬರಿನಲ್ಲಿ ನ್ಯೂಟನ್ನನ ಪತ್ನಿ ಮೇರಿ, ದೀರ್ಘಕಾಲ ನರಳಿ, ಕಣ್ಮುಚ್ಚಿದಳು. ನಲವತ್ತು ವರುಷದ ದಾಂಪತ್ಯ. ಆಕೆಯನ್ನು ದೇವರಿಗಿಂತ ಹೆಚ್ಚಾಗಿ ಪ್ರೀತಿಸಿಬಿಟ್ಟೆನೇನೋ ಎಂದು ಆತನೇ ಅಂಜುತ್ತಿದ್ದನು. ಆದರೂ ಅವಳ ಮರಣದ ಉಪದೇಶವನ್ನು ತಾನೇ ಮಾಡಿದನು. ಅಂಜೂರ ಚಿಗುರದಿದ್ದರೂ, ಹೊಲ ಬೆಳೆಯದಿದ್ದರೂ ದೇವರಲ್ಲಿ ಸಂತೋಷಪಡುವೆನೆಂಬ ಹಬಕ್ಕೂಕ ಪ್ರವಾದಿಯ ಮಾತನ್ನು ಅದಕ್ಕೆ ಆಧಾರವಾಗಿ ಆರಿಸಿಕೊಂಡನು. ಅಷ್ಟು ವರುಷಗಳ ಬೋಧನೆಯಲ್ಲಿ ಆ ವಾಕ್ಯವನ್ನು ಅಂದಿನವರೆಗೂ ಮುಟ್ಟದೆ ಇರಿಸಿಕೊಂಡಿದ್ದನು.

ಮರುವರುಷ, 1791ರ ಏಪ್ರಿಲಿನಲ್ಲಿ, ವಿಲ್ಬರ್‌ಫೋರ್ಸನ ಮಸೂದೆ 88ಕ್ಕೆ 163 ಮತಗಳಿಂದ ಬಿದ್ದುಹೋಯಿತು. ಅದಕ್ಕೆ ಸ್ವಲ್ಪ ಮೊದಲು ಆ ತರುಣನ ಕೈಸೇರಿದ ಒಂದು ಪತ್ರ ಸ್ಮರಣೀಯವಾದುದು. ಬರೆದವನು ಮೆಥಡಿಸ್ಟ್ ಪಂಥದ ಸಂಸ್ಥಾಪಕ ಜಾನ್ ವೆಸ್ಲಿ, ವಯಸ್ಸು ಎಂಬತ್ತೇಳು, ಪತ್ರದ ತಾರೀಖು ಫೆಬ್ರುವರಿ 24. ದೇವರು ನಿನ್ನ ಪಕ್ಷದಲ್ಲಿದ್ದರೆ ಎದುರು ನಿಲ್ಲುವವರು ಯಾರು, ಒಳ್ಳೆಯ ಕೆಲಸದಲ್ಲಿ ದಣಿಯಬೇಡ ಎಂಬ ಭಾವದ ಆ ಪತ್ರವನ್ನು ಬರೆದ ಆರನೆಯ ದಿನ ವೆಸ್ಲಿ ತೀರಿಕೊಂಡನು. ಸಾಯುವ ವಾರದಲ್ಲಿಯೂ ಮನುಷ್ಯನಿಗೆ ಮಾಡಲು ಕೆಲಸ ಉಳಿದಿರುತ್ತದೆ.

1796ರಲ್ಲಿ ಇನ್ನೊಂದು ಸೋಲು. ಈ ಸಲ ಅಂತರ ನಾಲ್ಕೇ ಮತ. ಬೆಂಬಲಿಸಬೇಕಾದ ಕೆಲವರು ಆ ರಾತ್ರಿ ಸಂಗೀತನಾಟಕ ನೋಡಲು ಹೋಗಿದ್ದರಂತೆ! ಬೇಸತ್ತ ವಿಲ್ಬರ್‌ಫೋರ್ಸನು ರಾಜಕೀಯವನ್ನು ಬಿಡುವ ಯೋಚನೆಗೆ ಮತ್ತೆ ಬಂದನು. ಎಪ್ಪತ್ತೊಂದರ ನ್ಯೂಟನ್ನನು ಮತ್ತೆ ಪತ್ರ ಬರೆದನು. ಪರದೇಶದ ಅರಸನ ಆಸ್ಥಾನದಲ್ಲಿ ಒಬ್ಬಂಟಿಯಾಗಿ ನಿಂತ ದಾನಿಯೇಲನನ್ನು ನೆನಪಿಸಿ, ಫಲ ಕಾಣದಿದ್ದರೂ ಇದ್ದಲ್ಲೇ ಇರುವುದೇ ಸೇವೆಯೆಂದು ತಿಳಿಸಿದನು. ಹನ್ನೊಂದು ವರುಷದ ಹಿಂದೆ ಹೇಳಿದ ಮಾತೇ ಇದು. ಒಳ್ಳೆಯ ಮಾತನ್ನು ಒಂದು ಸಲ ಹೇಳಿದರೆ ಸಾಲದು. ಕೇಳುವವನು ದಣಿದಾಗಲೆಲ್ಲ ಹೇಳಬೇಕಾಗುತ್ತದೆ.

ಬಂದವರು, ಹೋದವರು

ನ್ಯೂಟನ್ನನ ಮನೆಯಲ್ಲಿ ಬೆಳಗಿನ ಉಪಾಹಾರದ ಹೊತ್ತಿಗೆ ತರುಣ ಪಾದ್ರಿಗಳೂ ವಿದ್ಯಾರ್ಥಿಗಳೂ ಸೇರುತ್ತಿದ್ದರು. ನಾವಿಕನ ನೀಲಿ ಅಂಗಿ ತೊಟ್ಟ ಮುದುಕನು ಚಹಾ ಕುಡಿಯುತ್ತ ಅವರ ಮಾತನ್ನು ಕೇಳುವನು. ಕೇಳಿದವರಿಗೆ ಉತ್ತರ ಹೇಳುವನು.

1791ರಲ್ಲಿ ಹೀಗೆ ಬಂದವನೊಬ್ಬ ಕ್ಲಾಡಿಯಸ್ ಬುಕಾನನ್ ಎಂಬ ಸ್ಕಾಟ್‌ಲೆಂಡಿನ ಹುಡುಗ. ತಂದೆ ಉಪಾಧ್ಯಾಯ. ದೊಡ್ಡ ಮನುಷ್ಯನೊಬ್ಬನ ಜೊತೆ ದೇಶಾಟನೆಗೆ ಹೊರಟಿರುವೆನೆಂದು ತಂದೆತಾಯಿಗಳಿಗೆ ಸುಳ್ಳು ಹೇಳಿ, ಪಿಟೀಲು ಬಾರಿಸುತ್ತ ಊರೂರು ಅಲೆದು ಲಂಡನ್ ಸೇರಿದ್ದನು. ಇಗರ್ಜಿಯಲ್ಲಿ ನ್ಯೂಟನ್ನನ ಉಪದೇಶ ಕೇಳಿ, ಹೆಸರಿಲ್ಲದ ಪತ್ರವೊಂದನ್ನು ಬರೆದನು. ಪತ್ರ ಬರೆದವನು ತನ್ನನ್ನು ಕಾಣಲೆಂದು ನ್ಯೂಟನ್ನನು ವೇದಿಕೆಯ ಮೇಲಿಂದಲೇ ಸಾರಿದನು. ಹುಡುಗನು ಬಂದನು, ಕೇಂಬ್ರಿಜ್ಜಿನಲ್ಲಿ ಓದಿದನು, 1797ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನ ಉಪಾಧ್ಯಕ್ಷನಾದನು.

ಕನ್ನಡಿಗರು ನೆನೆಯಬೇಕಾದ ಅತಿಥಿ ಇನ್ನೊಬ್ಬನು. 1793ರಲ್ಲಿ ಪಾದರಕ್ಷೆ ಹೊಲಿಯುವ ಕಸುಬಿನಿಂದ ಬಂದ ಬಡ ಬೋಧಕ ವಿಲಿಯಂ ಕ್ಯಾರಿ ಭಾರತಕ್ಕೆ ಹೊರಡುವ ಮುನ್ನ ನ್ಯೂಟನ್ನನನ್ನು ಕಂಡನು. ಈಸ್ಟ್ ಇಂಡಿಯಾ ಕಂಪೆನಿಯವರು ಮಿಷನರಿಗಳನ್ನು ಒಳಗೆ ಬಿಡುತ್ತಿರಲಿಲ್ಲ. ಬಂಗಾಳದಲ್ಲಿ ಇಳಿದೊಡನೆ ಹಿಂದಕ್ಕೆ ಅಟ್ಟಿದರೆ ಏನು ಗತಿಯೆಂದು ಆತನು ಕೇಳಿದನು. ಅಟ್ಟಿದರೆ, ಅಲ್ಲಿ ನಿನ್ನ ಒಡೆಯನ ಕೆಲಸವೇನೂ ಇಲ್ಲವೆಂದು ತಿಳಿ. ಕೆಲಸವಿದ್ದರೆ, ಭೂಮಿಯ ಮೇಲಿನ ಯಾವ ಶಕ್ತಿಯೂ ನಿನ್ನನ್ನು ತಡೆಯಲಾರದು ಎಂಬುದು ಮುದುಕನ ಉತ್ತರ. ಮೊದಲು ಹತ್ತಿದ ಹಡಗಿನಿಂದ ಕ್ಯಾರಿ ಅಪ್ಪಣೆಯಿಲ್ಲದ ಕಾರಣ ಇಳಿಯಬೇಕಾಗಿಯೇ ಬಂತು. ಡೆನ್ಮಾರ್ಕಿನವರ ಹಡಗಿನಲ್ಲಿ ಬಂದು, ಕೊನೆಗೆ ಅವರದೇ ವಸಾಹತಾಗಿದ್ದ ಶ್ರೀರಾಮಪುರದಲ್ಲಿ ನೆಲೆನಿಂತನು. ಅಲ್ಲಿನ ಮುದ್ರಣಾಲಯದಿಂದ 1817ರಲ್ಲಿ, ಕಿಟೆಲ್ಲರ ನಿಘಂಟು ಹೊರಬರುವುದಕ್ಕೆ ಎಪ್ಪತ್ತೇಳು ವರುಷ ಮೊದಲು, ಕ್ಯಾರಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ ಅಚ್ಚಾಯಿತು. ಬಂಗಾಳದಲ್ಲಿಯೇ ಬಾಳಿದ ಪರದೇಶಿಯೊಬ್ಬನು ಕನ್ನಡದ ಸಂಧಿ, ವಿಭಕ್ತಿಗಳನ್ನು ಬಿಡಿಸಿ ಬರೆದನು. ಆ ಪುಸ್ತಕದ ಹಿಂದೆ, ಕನ್ನಡವೆಂಬ ಹೆಸರನ್ನೇ ಕೇಳಿರದಿದ್ದಿರಬಹುದಾದ ಲಂಡನ್ನಿನ ಮುದಿ ಪಾದ್ರಿಯ ಒಂದು ಮಾತೂ ಇದೆ. ಹೇಳಿದ ಧೈರ್ಯ ಎಲ್ಲಿಯವರೆಗೆ ಹೋದೀತೆಂದು ಹೇಳಿದವನಿಗೇ ತಿಳಿಯದು.

ಕಿಟಕಿಯ ಕರವಸ್ತ್ರ

ಮೇರಿ ತೀರಿಕೊಂಡ ಮೇಲೆ ಮುದುಕನಿಗೆ ಆಸರೆಯಾದವಳು ಸಾಕುಮಗಳು ಬೆಟ್ಸಿ. ಕಣ್ಣು ಮಂಜಾದ ಆತನಿಗೆ ಓದಿ ಹೇಳುವವಳು, ಕೈಹಿಡಿದು ನಡೆಸುವವಳು ಆಕೆಯೇ. 1801ರಲ್ಲಿ ಆಕೆಗೂ ಬುದ್ಧಿಭ್ರಮಣೆಯಾಗಿ, ಸಮೀಪದ ಬೆತ್ಲೆಂ ಹುಚ್ಚಾಸ್ಪತ್ರೆಗೆ ಸೇರಿಸಬೇಕಾಯಿತು. ಎಪ್ಪತ್ತಾರು ವರುಷದ, ಬಹುಮಟ್ಟಿಗೆ ಕುರುಡನಾದ ನ್ಯೂಟನ್ನನು ದಿನವೂ ಗೊತ್ತಾದ ಹೊತ್ತಿಗೆ ಸಂಗಡಿಗನೊಬ್ಬನ ಕೈಹಿಡಿದು ಹೋಗಿ ಆ ಕಟ್ಟಡದ ಹೊರಗೆ ನಿಲ್ಲುತ್ತಿದ್ದನು. ಆಕೆಯ ಕಿಟಕಿಯ ಕಡೆಗೆ ಮುಖವೆತ್ತಿ ನಿಂತು, ಬಿಳಿಯ ಕರವಸ್ತ್ರ ಬೀಸುತ್ತಿರುವುದು ಕಾಣುತ್ತಿದೆಯೇ ಎಂದು ಜೊತೆಗಾರನನ್ನು ಕೇಳುತ್ತಿದ್ದನು. ಕಾಣುತ್ತಿದೆಯೆಂದು ಆತನು ಹೇಳಿದ ಮೇಲೆಯೇ ಮನೆಗೆ ಹಿಂದಿರುಗುವುದು.

ಪಾರ್ಲಿಮೆಂಟಿನ ಸದಸ್ಯನಿಗೆ ಪತ್ರ ಬರೆಯುವುದು ಒಂದು ಬಗೆಯ ಧೈರ್ಯ ಹೇಳುವಿಕೆ. ಗೋಡೆಯ ಹೊರಗೆ ಮೌನವಾಗಿ ನಿಲ್ಲುವುದು ಇನ್ನೊಂದು. ಬೆಟ್ಸಿ ಮರುವರುಷ ಗುಣಹೊಂದಿ ಮನೆಗೆ ಬಂದಳು. 1805ರಲ್ಲಿ ಕನ್ನಡಕ ಮಾಡುವ ಒಬ್ಬನನ್ನು ಮದುವೆಯಾಗಿ, ಗಂಡನೊಡನೆ ಮುದುಕನ ಮನೆಯಲ್ಲಿಯೇ ಉಳಿದು ಕೊನೆಯವರೆಗೂ ಆತನನ್ನು ನೋಡಿಕೊಂಡಳು.

ಕೊನೆಯ ವರುಷಗಳಲ್ಲಿ ಉಪದೇಶದ ನಡುವೆ ಮಾತು ಮರೆತುಹೋಗುತ್ತಿತ್ತು. ಇನ್ನು ನಿಲ್ಲಿಸಬಾರದೇ ಎಂದು ಮಿತ್ರನೊಬ್ಬನು ಕೇಳಿದಾಗ, ಹಿಂದೆ ಆಫ್ರಿಕದಲ್ಲಿ ದೇವರನ್ನು ಬೈದ ಬಾಯಿ ಮಾತನಾಡಬಲ್ಲವರೆಗೆ ಸುಮ್ಮನಾಗಬಹುದೇ ಎಂದು ಮುದುಕನು ಮರುನುಡಿದನು. 1806ರ ಅಕ್ಟೋಬರಿನಲ್ಲಿ, ಟ್ರಫಾಲ್ಗರ್ ಕಾಳಗದಲ್ಲಿ ನೊಂದವರಿಗಾಗಿ ಹಣ ಕೂಡಿಸಲು ಮಾಡಿದ್ದೇ ಆತನ ಕೊನೆಯ ಉಪದೇಶ. ನೆನಪೆಲ್ಲ ಅಳಿಸುತ್ತ ಬಂದರೂ ಎರಡು ವಿಷಯ ಮಾತ್ರ ಮರೆತಿಲ್ಲ, ತಾನು ಮಹಾಪಾಪಿ ಮತ್ತು ಕ್ರಿಸ್ತನು ಮಹಾರಕ್ಷಕ, ಎಂದು ನೋಡಲು ಬಂದವರಿಗೆ ಹೇಳುತ್ತಿದ್ದನು.

1807ರ ಫೆಬ್ರುವರಿ 23ರಂದು ಕಾಮನ್ಸ್ ಸಭೆ 16ಕ್ಕೆ 283 ಮತಗಳಿಂದ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಮಸೂದೆಯನ್ನು ಮುಂದಕ್ಕೊಯ್ದಿತು. ಮಾರ್ಚ್ 25ರಂದು ಅರಸನ ಅಂಕಿತ ಬಿದ್ದಿತು. ಗುಲಾಮಗಿರಿಯೇ ಅಳಿಯಲು ಇನ್ನೂ ಹೋರಾಟ ಬೇಕಾಗಿತ್ತು. ಬ್ರಿಟಿಷ್ ಸಾಮ್ರಾಜ್ಯದ ಬಹುಭಾಗದಲ್ಲಿ ಅದನ್ನು ರದ್ದುಪಡಿಸುವ ಕಾನೂನು ಬಂದದ್ದು 1833ರಲ್ಲಿ. ಆದರೆ ತಾನು ಕಪ್ತಾನನಾಗಿ ನಡೆಸಿದ ಆ ವ್ಯಾಪಾರ ಕಾನೂನಿನ ಕಣ್ಣಿನಲ್ಲಿ ಅಪರಾಧವಾದುದನ್ನು ನ್ಯೂಟನ್ನನು ಬದುಕಿದ್ದೇ ಕಂಡನು. ಅದೇ ವರುಷ ಡಿಸೆಂಬರ್ 21ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ತನ್ನ ಸಮಾಧಿಯ ಬರಹವನ್ನು ತಾನೇ ಬರೆದಿಟ್ಟಿದ್ದನು. ಬಿರುದು ಬಾವಲಿಗಳಿಗೆ ಅದರಲ್ಲಿ ಎಡೆಯಿಲ್ಲ. ಒಮ್ಮೆ ನಾಸ್ತಿಕನೂ ದುರ್ಮಾರ್ಗಿಯೂ ಆಗಿದ್ದವನು ಕ್ರಿಸ್ತನ ಕರುಣೆಯಿಂದ ಉಳಿದು, ಕ್ಷಮೆ ಪಡೆದು, ತಾನು ಕೆಡಿಸಲು ಹೊರಟಿದ್ದ ಧರ್ಮವನ್ನೇ ಸಾರಲು ನೇಮಕಗೊಂಡನೆಂಬ ಒಪ್ಪಿಗೆಯಷ್ಟೇ ಇದೆ.

ಈ ಇಪ್ಪತ್ತೆರಡು ವರುಷಗಳಲ್ಲಿ ಮುದುಕನು ಮಾಡಿದ ಕೆಲಸಗಳನ್ನು ಎಣಿಸಿದರೆ ಅವು ಬಹಳ ಸಾಮಾನ್ಯವಾಗಿ ಕಾಣುತ್ತವೆ. ಬಾಗಿಲು ತೆರೆದದ್ದು, ಕುಳಿತು ಕೇಳಿದ್ದು, ಪತ್ರ ಬರೆದದ್ದು, ಕಂಡದ್ದನ್ನು ಕಂಡಂತೆ ಹೇಳಿದ್ದು, ಕಿಟಕಿಯ ಕೆಳಗೆ ನಿಂತದ್ದು. ಇವುಗಳಲ್ಲಿ ಯಾವುದಕ್ಕೂ ಗಟ್ಟಿ ಮೊಣಕಾಲು ಬೇಕಿಲ್ಲ. ಪಿಂಚಣಿಯ ಮೊತ್ತ ದೊಡ್ಡದಿರಬೇಕಾಗಿಯೂ ಇಲ್ಲ. ನಂಬಿಕೆಯೊಂದು ಬೇಕು: ಕಳೆದ ಬಾಳಿನ ತಪ್ಪುಗಳಿಗೂ ಮೇಲಿನವನ ಲೆಕ್ಕದಲ್ಲಿ ಉಪಯೋಗವುಂಟು, ಉಳಿದ ದಿನಗಳಿಗೂ ಆತನ ಬಳಿ ಕೆಲಸವುಂಟು ಎಂಬ ನಂಬಿಕೆ. ಕ್ರೈಸ್ತನಾದ ನ್ಯೂಟನ್ನನು ಅದನ್ನು ಕೃಪೆಯೆಂದು ಕರೆದನು.

ಮನೆಯಲ್ಲಿ ಇಪ್ಪತ್ತಾರರ ಮಗನೋ ಮೊಮ್ಮಗಳೋ ದಾರಿ ಕಾಣದೆ ಮುಖ ಬಾಡಿಸಿಕೊಂಡು ಕುಳಿತಿರುವ ಸಂಜೆಗಳು ಎಲ್ಲ ಕುಟುಂಬಗಳಲ್ಲಿಯೂ ಬರುತ್ತವೆ. ಆಗ ವೃತ್ತಪತ್ರಿಕೆಯನ್ನು ಮಡಿಸಿಟ್ಟು, ತಾನೂ ಒಂದು ಕಾಲದಲ್ಲಿ ಎಡವಿದ್ದೆನೆಂದು ಹೇಳಬಲ್ಲ ಹಿರಿಯರು ಆ ಮನೆಯಲ್ಲಿದ್ದರೆ ಅದು ಭಾಗ್ಯವಂತರ ಮನೆ.